ಅಂಗಳದ ಹಕ್ಕಿಗೆ ಅಕ್ಕಿಗಿಂತ ಹುಳು ಮುಖ್ಯ

ಮಂಗಳೂರು, ಉಡುಪಿಯ ಕಡೆ ಹೊಸ ಮನೆ ಕಟ್ಟಿಸಿದವರು ಮೊದಲು ಮಾಡಿಸುವ ಕೆಲಸಗಳಲ್ಲಿ ಅಂಗಳಕ್ಕೆ ಇಂಟರ್‌ಲಾಕ್ ಹಾಸುವುದೂ ಒಂದು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಕೆಸರು, ಪಾಚಿ, ಕಳೆಗಳಿಂದ ಬೇಸತ್ತವರನ್ನು ಇದಕ್ಕಾಗಿ ದೂರುವಂತಿಲ್ಲ. ಆದರೆ ಅದೇ ಮನೆಯವರು ಬೇಸಿಗೆಯಲ್ಲಿ ಕಾಂಪೌಂಡ್ ಗೋಡೆಯ ಮೇಲೆ ತಟ್ಟೆಯಲ್ಲಿ ಅಕ್ಕಿ ಇಟ್ಟು, ಕಾಗೆ ಪಾರಿವಾಳ ಬಿಟ್ಟರೆ ಬೇರೆ ಹಕ್ಕಿಯೇ ಬರುವುದಿಲ್ಲವೆಂದು ಬೇಸರಪಟ್ಟುಕೊಂಡರೆ, ಅದರ ಕಾರಣವನ್ನು ಇಂಟರ್‌ಲಾಕಿನ ಅಡಿಯಲ್ಲೇ ಹುಡುಕಬೇಕಾಗುತ್ತದೆ.

ಕರಾವಳಿಯ ಹಿತ್ತಲಿಗೆ ಸಹಜವಾಗಿ ಬರುವ ಸೂರಕ್ಕಿ, ಸಿಂಪಿಗ, ಮಡಿವಾಳ ಹಕ್ಕಿ, ಪಿಕಳಾರ, ಕುಟ್ರುಹಕ್ಕಿ, ಕೆಂಬೂತಗಳಲ್ಲಿ ಯಾವುದೂ ಕಾಳು ತಿಂದು ಬದುಕುವಂಥದ್ದಲ್ಲ. ಮಕರಂದ ಹೀರುವ ಸೂರಕ್ಕಿಯೂ ಹಣ್ಣು ತಿನ್ನುವ ಪಿಕಳಾರವೂ ಮರಿಗಳಿಗೆ ಮುಖ್ಯವಾಗಿ ಉಣಿಸುವುದು ಹುಳು, ಜೇಡ, ಮಿಡತೆಗಳನ್ನು. ಎರಡು ವಾರಗಳ ಆಸುಪಾಸಿನಲ್ಲಿ ಗೂಡು ಬಿಟ್ಟು ಹಾರಬೇಕಾದ ಮರಿಗೆ ಅಷ್ಟು ಪ್ರೋಟೀನು ಬೇರೆಲ್ಲಿಂದಲೂ ಸಿಗಲಾರದು. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಎಳೆಯ ಮರಿಗೆ ಹುಳುವನ್ನೇ ಹುಡುಕಿ ತರುತ್ತದೆ. ಅಮೆರಿಕದ ಪೂರ್ವಭಾಗದಲ್ಲಿ ಹತ್ತು ಗ್ರಾಂ ತೂಗುವ ಚಿಕಡೀ ಹಕ್ಕಿಯ ಜೋಡಿಯೊಂದು ಒಂದು ಬಾರಿಯ ಮರಿಗಳನ್ನು ಸಾಕಲು 6,000ದಿಂದ 9,000 ಕಂಬಳಿಹುಳುಗಳನ್ನು ಹೊತ್ತು ತರುತ್ತದೆಂಬ ಲೆಕ್ಕವಿದೆ. ಇತ್ತ ತಟ್ಟೆಯ ಅನ್ನ, ಅಕ್ಕಿ ಕಾಗೆಗಳನ್ನು ದಿನವೂ ಅಂಗಳಕ್ಕೆ ಕರೆತರುತ್ತದೆ. ಪಕ್ಕದ ಪೊದೆಯಲ್ಲಿರುವ ಪಿಕಳಾರದ ಮೊಟ್ಟೆಗಳನ್ನು ಕದಿಯುವುದೂ ಅದೇ ಕಾಗೆಗಳು.

ಹುಳುವಿನ ಮಾತು ಬಂದಾಗ ಕರಿಬೇವಿನ ಗಿಡವನ್ನು ಹತ್ತಿರದಿಂದ ನೋಡಬೇಕು. ಅದರ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಂತೆ, ಕಂದು ಮೈಗೆ ಬಿಳಿ ಮಚ್ಚೆ ಇಟ್ಟು, ಆಗಷ್ಟೇ ಉದುರಿದಂತೆ ಒದ್ದೆಯಾಗಿ ಹೊಳೆಯುವ ತುಣುಕೊಂದು ಕಾಣುವುದುಂಟು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಅದರ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥ ಅಂಗ ಹೊರಚಾಚಿ ಘಾಟು ವಾಸನೆ ಬೀರುತ್ತದೆ. ಅದು ಬಾಲದ ಚಿಟ್ಟೆಗಳ ಬಳಗಕ್ಕೆ ಸೇರಿದ ಮರಿಹುಳು; ಮೊದಲ ನಾಲ್ಕು ಹಂತಗಳಲ್ಲಿ ಹಿಕ್ಕೆಯ ವೇಷದಲ್ಲಿದ್ದು, ಐದನೆಯದರಲ್ಲಿ ಎಲೆಯ ಹಸಿರಿಗೆ ತಿರುಗುತ್ತದೆ. ಹಕ್ಕಿಗಳು ಎಲೆಎಲೆಯನ್ನೂ ಎಷ್ಟು ಕೂಲಂಕಷವಾಗಿ ಜಾಲಾಡುತ್ತವೆ ಎಂಬುದಕ್ಕೆ ಈ ವೇಷಕ್ಕಿಂತ ಬೇರೆ ಸಾಕ್ಷಿ ಬೇಡ. ಎಲೆ ತೂತಾಯಿತೆಂದು ಔಷಧಿ ಸಿಂಪಡಿಸಿದರೆ ಚಿಟ್ಟೆಯ ಜೊತೆಗೆ ಸಿಂಪಿಗದ ಮರಿಗಳ ಊಟವೂ ಹೋಗುತ್ತದೆ. ಅದೇ ಗಿಡದ ಕಪ್ಪು ಹಣ್ಣುಗಳನ್ನು ಪಿಕಳಾರ, ಕೋಗಿಲೆಗಳು ತಿಂದು ಬೀಜ ಹರಡುತ್ತವೆ. ಬಾವಿಕಟ್ಟೆಯ ಬದಿಯಲ್ಲಿ ಯಾರೂ ನೆಡದ ಕರಿಬೇವು ಹುಟ್ಟುವುದು ಹೀಗೆಯೇ.

ಮಾವಿನ ಮರದ ಬಂದಳಿಕೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಇದು ಮರದ ನೀರು, ಲವಣಗಳನ್ನು ಹೀರುವ ಪರಾವಲಂಬಿ ಎಂಬುದು ನಿಜ, ಮಿತಿಮೀರಿದರೆ ಕಡಿಯಲೇಬೇಕು. ಆದರೆ ಹೆಬ್ಬೆರಳಿನಷ್ಟೇ ಇರುವ ಬದನಿಕೆ ಹಕ್ಕಿಯ ಬದುಕು ಬಹುಪಾಲು ಇದರ ಹಣ್ಣನ್ನೇ ನೆಚ್ಚಿಕೊಂಡಿದೆ. ಹಣ್ಣಿನ ಬೀಜ ಅಂಟಂಟಾಗಿರುವುದರಿಂದ ಹಕ್ಕಿ ಅದನ್ನು ಕೊಂಬೆಗೆ ಒರೆಸಿ ಹೋಗುತ್ತದೆ, ಅಲ್ಲಿಯೇ ಅದು ಮೊಳೆಯುತ್ತದೆ. ಹಳೆಯ ದೊಡ್ಡ ಮರವಿದ್ದವರು ಒಂದೆರಡು ಕೊಂಬೆಯ ಬಂದಳಿಕೆಯನ್ನು ಉಳಿಸಿಕೊಂಡರೆ ನಷ್ಟವೇನೂ ಆಗದೆಂಬುದು ನನ್ನ ಅಭಿಪ್ರಾಯ.

ಹಿಂದೆ ತರಗೆಲೆಯನ್ನು ಗುಡಿಸಿ ಹಟ್ಟಿಗೆ ಹಾಕುತ್ತಿದ್ದರು. ಈಗ ಹಟ್ಟಿಯೇ ಇಲ್ಲದ ಮನೆಗಳಲ್ಲಿ ಅದನ್ನು ರಾಶಿ ಹಾಕಿ ಸುಡುತ್ತಾರೆ. ಮಳೆಗಾಲ ಮುಗಿಯುತ್ತಿದ್ದಂತೆ ಉತ್ತರದ ಕಾಡುಗಳಿಂದ ರಾತ್ರಿಯಲ್ಲೇ ಹಾರುತ್ತ ದಕ್ಷಿಣಕ್ಕೆ ಬರುವ ನವರಂಗ ಹಕ್ಕಿಗೆ ಬೇಕಾದದ್ದು ಈ ತರಗೆಲೆಯ ಹಾಸು. ಮರದ ನೆರಳಿನಲ್ಲಿ ಕುಪ್ಪಳಿಸುತ್ತ ಕೊಕ್ಕಿನಿಂದ ಎಲೆಗಳನ್ನು ಒಂದೊಂದಾಗಿ ಮಗುಚಿ ಅಡಿಯ ಹುಳುಗಳನ್ನು ಹೆಕ್ಕುವ ಈ ಹಕ್ಕಿ, ಇಂಟರ್‌ಲಾಕ್ ಹಾಸಿದ ಅಂಗಳದಲ್ಲಿ ಇಳಿದು ಮಾಡುವುದೇನೂ ಇಲ್ಲ. ತುಳುನಾಡಿನ ಮನೆಗಳ ಹಿಂದಿನ ನಾಗಬನಗಳಲ್ಲಿ ಯಾರೂ ಕೊಂಬೆ ಮುರಿಯುತ್ತಿರಲಿಲ್ಲವಾದ್ದರಿಂದ ಇಂಥ ನೆಲ ತಾನಾಗಿ ಉಳಿದಿತ್ತು. ಬನದ ಮರಗಳನ್ನು ತೆಗೆದು ಕಾಂಕ್ರೀಟ್ ಕಟ್ಟೆ ಕಟ್ಟಿದ ಕಡೆಗಳಲ್ಲಿ ಅದೂ ಹೋಯಿತು. ಬನವಿಲ್ಲದವರು ಹಿತ್ತಲಿನ ಒಂದು ಮೂಲೆಯಲ್ಲಿ ಕೇಪುಳ, ರಥಪುಷ್ಪ, ದಾಸವಾಳಗಳನ್ನು ಒತ್ತಾಗಿ ಬೆಳೆಯಬಿಟ್ಟು, ಅವುಗಳ ಬುಡವನ್ನು ಗುಡಿಸದೆ ಇದ್ದರೆ ಸಾಕು.

ಗೂಡಿನ ವಿಷಯದಲ್ಲಿಯೂ ಅತಿಯಾದ ಅಚ್ಚುಕಟ್ಟುತನವೇ ತೊಡಕು. ಸೂರಕ್ಕಿಯ ಹೆಣ್ಣು ಜೇಡರಬಲೆಯಿಂದಲೇ ನಾರು, ತೊಗಟೆಚೂರುಗಳನ್ನು ಬಿಗಿದು, ಬಾಗಿಲಿನ ಮೇಲೆ ಸಣ್ಣ ಮಾಡಿನಂಥ ಮರೆಯಿರುವ ತೂಗುಚೀಲವನ್ನು ಕಟ್ಟುತ್ತದೆ. ಚಾವಡಿಯ ಹೊರಮೂಲೆಯ ಬಲೆಗಳನ್ನು ತಿಂಗಳಿಗೊಮ್ಮೆ ತಪ್ಪದೆ ತೆಗೆಯುವವರು ಅದರ ಕಟ್ಟಡ ಸಾಮಗ್ರಿಯನ್ನೇ ಗುಡಿಸಿ ಹಾಕುತ್ತಿರುತ್ತಾರೆ. ಕುಟ್ರುಹಕ್ಕಿ ಒಣಗಿದ ಕೊಂಬೆಯಲ್ಲಿ ತಾನೇ ಪೊಟರೆ ಕೊರೆಯುತ್ತದೆ, ಅದು ಬಿಟ್ಟುಹೋದ ಪೊಟರೆ ಮಡಿವಾಳ ಹಕ್ಕಿಗೆ ಆದೀತು. ಆದ್ದರಿಂದ ಮನೆಯ ಮೇಲೆ ಬೀಳುವ ಭಯವಿಲ್ಲದ ಒಣಗೊಂಬೆಯನ್ನೂ ತಲೆಯಿಲ್ಲದ ತೆಂಗಿನ ಕಾಂಡವನ್ನೂ ಹಾಗೆಯೇ ಬಿಡುವುದು ಒಳ್ಳೆಯದು. ನಮ್ಮಲ್ಲಿ ಮಳೆಗೆ ಮುನ್ನ, ಏಪ್ರಿಲ್–ಮೇ ತಿಂಗಳುಗಳಲ್ಲಿ ಕೊಂಬೆ ಸವರುವ ರೂಢಿಯಿದೆ. ಅನೇಕ ಹಕ್ಕಿಗಳ ಗೂಡಿನಲ್ಲಿ ಮರಿಗಳಿರುವ ಕಾಲವೂ ಅದೇ ಆಗಿರುವುದರಿಂದ ಕತ್ತಿ ಎತ್ತುವ ಮೊದಲು ಮರವನ್ನು ಒಮ್ಮೆ ಪರೀಕ್ಷಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೂ ರಕ್ಷಣೆ ನೀಡಿದೆ.

ಇಷ್ಟೊಂದು ಮಳೆಯ ಊರಿನಲ್ಲಿಯೂ ಡಿಸೆಂಬರಿನಿಂದ ಮೇ ತಿಂಗಳವರೆಗೆ ನೀರಿಗೆ ಬರವಿರುತ್ತದೆ, ಮುರಕಲ್ಲಿನ ನೆಲ ನೀರನ್ನು ಮೇಲೆ ನಿಲ್ಲಗೊಡುವುದಿಲ್ಲ. ಎರಡು ಅಂಗುಲಕ್ಕಿಂತ ಆಳವಿಲ್ಲದ, ಒಳಮೈ ಒರಟಾದ ಮಣ್ಣಿನ ಬಾನಿಯನ್ನು ಪೊದೆಯಿಂದ ನಾಲ್ಕೈದು ಹೆಜ್ಜೆ ದೂರ ಇಡಬೇಕು. ತೀರಾ ಹತ್ತಿರವಿಟ್ಟರೆ ಬೆಕ್ಕು ಹೊಂಚು ಹಾಕುತ್ತದೆ. 2019ರಲ್ಲಿ ಡೆಂಗಿ ಜ್ವರ ಮಂಗಳೂರನ್ನು ಕಾಡಿದ ಮೇಲೆ ಹೊರಗೆ ನೀರಿಡಲು ಹಲವರಿಗೆ ಅಳುಕು, ಅದು ಸಹಜವೇ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಒಂದು ವಾರ ಹಿಡಿಯುತ್ತದೆ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿದರೆ ಅದು ಬೆಳೆಯಲಾರದು. ಆದರೆ ಈ ಸೊಳ್ಳೆ ನೀರಿನ ಅಂಚಿಗೆ ತುಸು ಮೇಲೆ, ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ, ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ. ಹಾಗಾಗಿ ತೆಂಗಿನ ನಾರಿನಿಂದ ಬಾನಿಯ ಅಂಚನ್ನು ಉಜ್ಜಿ ತೊಳೆಯುವುದು ನೀರು ಬದಲಾಯಿಸುವಷ್ಟೇ ಅಗತ್ಯ.

ಇಲಿಪಾಷಾಣ ಇಡದಿರುವುದು ಮೇಲು, ವಿಷ ತಿಂದು ನಿಧಾನಗೊಂಡ ಇಲಿ ಮೊದಲು ಸಿಗುವುದು ಗೂಬೆಗೆ. ಗೂಡಿನಿಂದ ಇಳಿದು ಇನ್ನೂ ಸರಿಯಾಗಿ ಹಾರಲಾರದ ಮರಿ ನೆಲದಲ್ಲಿ ಕಂಡರೆ ಅನಾಥವೆಂದು ತಿಳಿಯಬೇಕಾಗಿಲ್ಲ. ಅದನ್ನು ಹತ್ತಿರದ ಪೊದೆಯ ಮೇಲೆ ಕೂರಿಸಿ ದೂರ ಸರಿದರೆ ತಾಯಿಹಕ್ಕಿ ಬಂದು ಉಣಿಸುತ್ತದೆ. ಮನುಷ್ಯರು ಮುಟ್ಟಿದ ಮರಿಯನ್ನು ಹಕ್ಕಿ ಸೇರಿಸುವುದಿಲ್ಲವೆಂಬ ಮಾತಿನಲ್ಲಿ ಹುರುಳಿಲ್ಲ. ಮನೆಯೊಳಗೆ ತಂದು ಹಾಲು ಹನಿಸುವುದಂತೂ ಬೇಡ, ಹಕ್ಕಿಗಳಿಗೆ ಹಾಲು ಜೀರ್ಣವಾಗುವುದಿಲ್ಲ.