ಇಪ್ಪತ್ತೈದು ಸಾವಿರ ಬೀದಿಗಳ ಕಂಠಪಾಠ

ಲಂಡನ್ನಿನಲ್ಲಿ ಕಪ್ಪು ಟ್ಯಾಕ್ಸಿ ಓಡಿಸುವ ಪರವಾನಗಿ ಬೇಕಾದರೆ ವಾಹನ ಓಡಿಸಲು ಬಂದರಷ್ಟೇ ಸಾಲದು. ನಗರದ ನಡುವಿನ ಚೇರಿಂಗ್ ಕ್ರಾಸ್‌ನಿಂದ ಎಲ್ಲ ದಿಕ್ಕಿಗೂ ಆರು ಮೈಲಿ ದೂರದೊಳಗಿನ ಸುಮಾರು 25,000 ಬೀದಿಗಳೂ ಅಲ್ಲಿನ ಸಾವಿರಾರು ಹೋಟೆಲು, ಆಸ್ಪತ್ರೆ, ರಂಗಮಂದಿರಗಳೂ ತಲೆಯಲ್ಲಿರಬೇಕು. 1865ರಿಂದ ನಡೆದುಬಂದಿರುವ ಈ ಪರೀಕ್ಷೆಯನ್ನು ಅಲ್ಲಿನವರು ‘ನಾಲೆಜ್’ ಎಂದೇ ಕರೆಯುತ್ತಾರೆ. ಅಭ್ಯರ್ಥಿಯು ಹ್ಯಾಂಡಲ್‌ಗೆ ನಕ್ಷೆ ಸಿಕ್ಕಿಸಿದ ಮೊಪೆಡ್ ಏರಿ, ಮಳೆ ಚಳಿಯೆನ್ನದೆ ಒಂದೊಂದೇ ದಾರಿಯನ್ನು ಸುತ್ತುತ್ತಾನೆ. ಮನೆಗೆ ಮರಳಿ, ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ ಎಂಬುದನ್ನು ಬೀದಿಯ ಹೆಸರು ಸಮೇತ ಗಟ್ಟಿಯಾಗಿ ಹೇಳಿಕೊಳ್ಳುತ್ತಾನೆ. ಪರೀಕ್ಷಕರು ಎರಡು ಸ್ಥಳಗಳನ್ನು ಹೆಸರಿಸಿದರೆ, ನಕ್ಷೆಯಿಲ್ಲದೆ, ನಡುವಿನ ದಾರಿಯನ್ನು ತಿರುವು ತಿರುವಾಗಿ ಒಪ್ಪಿಸಬೇಕು. ಇದಕ್ಕೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಅರ್ಧಕ್ಕೇ ಕೈಬಿಡುವವರು ಬಹಳ.

ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ನರವಿಜ್ಞಾನಿ ಎಲಿನೋರ್ ಮ್ಯಾಗ್ವಯರ್ ಮತ್ತು ಸಂಗಡಿಗರು ಈ ಚಾಲಕರ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿ ಪರಿಶೀಲಿಸಿ, ದಾರಿಯ ನೆನಪಿಗೆ ಅತ್ಯಗತ್ಯವಾದ, ಹಿಪೊಕ್ಯಾಂಪಸ್ ಎಂಬ ಮಿದುಳಿನ ಅಂಗದ ಹಿಂಭಾಗವು ಇತರರಿಗಿಂತ ದೊಡ್ಡದಾಗಿದೆ ಎಂದು 2000ದಲ್ಲಿ ವರದಿ ಮಾಡಿದರು. ಗೊತ್ತುಪಡಿಸಿದ ಮಾರ್ಗದಲ್ಲೇ ಓಡಾಡುವ ಬಸ್ ಚಾಲಕರೊಂದಿಗೆ ಹೋಲಿಸಿದಾಗಲೂ ಟ್ಯಾಕ್ಸಿ ಚಾಲಕರಲ್ಲಿ ಈ ವ್ಯತ್ಯಾಸ ಕಂಡಿತು. ಆದರೂ ಬೀಜ ಮೊದಲೋ ಮರ ಮೊದಲೋ ಎಂಬ ಪ್ರಶ್ನೆ ಉಳಿದೇ ಇತ್ತು: ಹುಟ್ಟಿನಿಂದಲೇ ಅಂಥ ಮಿದುಳಿದ್ದವರಷ್ಟೇ ಈ ಕೆಲಸಕ್ಕೆ ಬಂದಿರಬಹುದಲ್ಲವೇ?

ಉತ್ತರಕ್ಕಾಗಿ ಅವರು ವರ್ಷಗಟ್ಟಲೆ ಕಾದರು. ತರಬೇತಿಗೆ ಆಗಷ್ಟೇ ಸೇರಿದ್ದ 79 ಮಂದಿಯನ್ನೂ, ಅದರ ಗೋಜಿಗೇ ಹೋಗದ 31 ಮಂದಿಯನ್ನೂ ಮೊದಲೇ ಪರೀಕ್ಷಿಸಿದಾಗ ಅವರ ಮಿದುಳಿನಲ್ಲಾಗಲಿ ಜ್ಞಾಪಕಶಕ್ತಿಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಕೊನೆಗೆ ಉತ್ತೀರ್ಣರಾದವರು 39 ಮಂದಿ. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹಿಪೊಕ್ಯಾಂಪಸ್‌ನ ಹಿಂಭಾಗ ಬೆಳೆದದ್ದು ಈ ಉತ್ತೀರ್ಣರಲ್ಲಿ ಮಾತ್ರ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ವರದಿಯ ಇನ್ನೊಂದು ಅಂಕಿ: ಗೆದ್ದವರು ವಾರಕ್ಕೆ ಸುಮಾರು 35 ಗಂಟೆ ಅಭ್ಯಾಸ ಮಾಡಿದ್ದರೆ, ಉಳಿದವರು ಸುಮಾರು 17 ಗಂಟೆ. ಬೆಳೆಯುವ ಗುಣವೇ ಕೆಲವರಲ್ಲಿ ಹುಟ್ಟಿನಿಂದ ಹೆಚ್ಚಿತ್ತೇನೋ ಎಂಬ ಸಂಶಯವನ್ನು ಸಂಶೋಧಕರು ತಳ್ಳಿಹಾಕಿಲ್ಲ, ಅದು ಸರಿಯೇ. ಆದರೂ ಇವರು ಶಾಲಾ ಮಕ್ಕಳಲ್ಲ. ಬಲಿತ ವಯಸ್ಸಿನಲ್ಲಿ ಪಟ್ಟು ಹಿಡಿದು ಕಲಿತವರು. ಆ ವಯಸ್ಸಿನಲ್ಲೂ ಮಿದುಳು ದುಡಿಮೆಗೆ ಓಗೊಟ್ಟಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಈ ಗಳಿಕೆ ಪುಕ್ಕಟೆಯದೂ ಅಲ್ಲ. ಲಂಡನ್ನಿನ ಯಾವ ಕಟ್ಟಡ ಯಾವುದಕ್ಕೆ ಹತ್ತಿರವೆಂದು ಕೇಳಿದರೆ ಥಟ್ಟನೆ ಹೇಳಬಲ್ಲವರಾಗಿದ್ದ ಇದೇ ಉತ್ತೀರ್ಣರು, ಜಟಿಲವಾದ ಒಂದು ರೇಖಾಚಿತ್ರವನ್ನು ನಕಲು ಮಾಡಿ, ಸ್ವಲ್ಪ ಹೊತ್ತು ಬಿಟ್ಟು ನೆನಪಿನಿಂದ ಮತ್ತೆ ಬಿಡಿಸಬೇಕಾಗಿ ಬಂದಾಗ, ತರಬೇತಿಯನ್ನೇ ಪಡೆಯದವರಷ್ಟು ಚೆನ್ನಾಗಿ ಬಿಡಿಸಲಾಗಲಿಲ್ಲ.