ಬಂಗಿನ ಮುಖಕ್ಕೆ ಲೇಸರ್ ಬೆಳಕು

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ಮುಖದ ಲೇಸರ್ ಚಿಕಿತ್ಸೆಯ ಬಗ್ಗೆ ವಿಚಾರಿಸಿದರೆ, ಹೆಚ್ಚಾಗಿ ಮೊದಲು ಬರುವ ಪ್ರಶ್ನೆ ಸುಕ್ಕಿನದಲ್ಲ, ಬಂಗಿನದು. ದ್ರಾಕ್ಷಿ ತೋಟದಲ್ಲಿ ಗೊಂಚಲು ಸವರುವವರು, ಬಿಸಿಲೇರುವ ತನಕ ಹೂ ಬಿಡಿಸುವವರು, ರೇಷ್ಮೆಗೂಡು ಬೇಯುವ ಬಿಸಿನೀರಿನ ಮುಂದೆ ಕುಳಿತು ನೂಲು ತೆಗೆಯುವವರು ಸೆರಗಿನ ಅಂಚಿನಿಂದ ಕೆನ್ನೆ ಒರೆಸಿಕೊಂಡು ಅದನ್ನು ತೋರಿಸುತ್ತಾರೆ. ಎರಡೂ ಕೆನ್ನೆಯ ಮೇಲೆ, ಹಣೆಯಲ್ಲಿ, ಮೇಲ್ದುಟಿಯ ಮೇಲೆ ಹೆಚ್ಚುಕಡಿಮೆ ಒಂದೇ ಸಮನಾಗಿ ಹಬ್ಬಿದ ಕಂದು ಛಾಯೆ. ಲೇಸರ್‌ನಿಂದ ಅತಿ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳುವುದು ಇದಕ್ಕೇ. ಲೇಸರ್ ಅತಿ ಹೆಚ್ಚು ಕೈಕೊಡುವುದೂ ಇಲ್ಲಿಯೇ.

ಥಿಯೋಡರ್ ಮೈಮನ್ 1960ರಲ್ಲಿ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಹೊಮ್ಮಿಸಿದರು. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಬೆರೆತಿರುತ್ತವೆ. ಲೇಸರ್‌ನಲ್ಲಿ ಒಂದೇ ತರಂಗಾಂತರ. ಚರ್ಮದಲ್ಲಿರುವ ನೀರು, ರಕ್ತದ ಹಿಮೋಗ್ಲೋಬಿನ್, ಬಣ್ಣ ಕೊಡುವ ಮೆಲನಿನ್ ಬೇರೆ ಬೇರೆ ತರಂಗಾಂತರಗಳನ್ನು ಹೀರಿಕೊಳ್ಳುತ್ತವೆ. ಸರಿಯಾದ ತರಂಗಾಂತರವನ್ನು ಆರಿಸಿ, ಹೀರಿಕೊಂಡ ಶಾಖ ಅಕ್ಕಪಕ್ಕಕ್ಕೆ ಹರಡುವ ಮೊದಲೇ ಬೆಳಕು ನಿಲ್ಲುವಂತೆ ಮಾಡಿದರೆ, ಗುರಿಯಷ್ಟೇ ಸುಟ್ಟು ಉಳಿದದ್ದು ಉಳಿಯುತ್ತದೆ ಎಂದು 1983ರಲ್ಲಿ ಅಮೆರಿಕದ ಸಂಶೋಧಕರಾದ ಆಂಡರ್ಸನ್ ಮತ್ತು ಪ್ಯಾರಿಷ್ ತೋರಿಸಿದರು. ಮೆಲನಿನ್ ಕಣದ ಶಾಖ ಹೊರಗೆ ಸೋರಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಹೊತ್ತೂ ಬೇಕಿಲ್ಲ. ಹಾಗಾಗಿ ಬಣ್ಣದ ಕಲೆಗೆ ಬಳಸುವ ಯಂತ್ರಗಳು ನ್ಯಾನೋಸೆಕೆಂಡು, ಪಿಕೋಸೆಕೆಂಡುಗಳ ಲೆಕ್ಕದಲ್ಲಿ ಮಿಂಚುತ್ತವೆ.

ಸುಕ್ಕು ಮತ್ತು ಮೊಡವೆಯ ಗುಳಿಗಳಿಗೆ ಗುರಿ ಮೆಲನಿನ್ ಅಲ್ಲ, ನೀರು. ಅದಕ್ಕೆ ಹೇಳಿ ಮಾಡಿಸಿದಂಥದ್ದು ಕಾರ್ಬನ್ ಡೈಆಕ್ಸೈಡ್ ಲೇಸರ್; ತರಂಗಾಂತರ 10,600 ನ್ಯಾನೋಮೀಟರ್. ಇದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಮೊದಮೊದಲು ಈ ಲೇಸರ್‌ನಿಂದ ಮುಖದ ಮೇಲ್ಪದರವನ್ನೇ ಪೂರ್ತಿ ಸವೆಸುತ್ತಿದ್ದರು. ಚರ್ಮ ನಯವಾಗುತ್ತಿತ್ತು, ಆದರೆ ಹಸಿಗಾಯ ಮಾಯಲು ವಾರಗಳು, ಕೆಂಪು ಇಳಿಯಲು ತಿಂಗಳುಗಳು ಹಿಡಿಯುತ್ತಿದ್ದವು. 2004ರಲ್ಲಿ ಬಂದ ಫ್ರ್ಯಾಕ್ಷನಲ್ ವಿಧಾನ ಈ ಕಷ್ಟವನ್ನು ತಗ್ಗಿಸಿತು. ಹೊಲವನ್ನೆಲ್ಲ ಉಳದೆ ಮಾವಿನ ಸಸಿಗೆ ಅಲ್ಲಲ್ಲಿ ಗುಣಿ ತೋಡುವ ಹಾಗೆ, ಇದು ಕೂದಲೆಳೆಯಷ್ಟು ಸಣ್ಣ ರಂಧ್ರಗಳನ್ನು ಕೊರೆದು ನಡುವಿನ ಚರ್ಮವನ್ನು ಮುಟ್ಟದೆ ಬಿಡುತ್ತದೆ. ಆ ಮುಟ್ಟದ ಚರ್ಮದಿಂದಲೇ ಜೀವಕೋಶಗಳು ಬಂದು ಗಾಯವನ್ನು ಕೆಲವೇ ದಿನಗಳಲ್ಲಿ ಮುಚ್ಚುತ್ತವೆ. ಒಳಗೆ ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನಾದ ಕೊಲಾಜನ್ ಹೊಸದಾಗಿ ಕಟ್ಟುವ ಕೆಲಸ ಮಾತ್ರ ತಿಂಗಳುಗಟ್ಟಲೆ ನಡೆಯುತ್ತದೆ. ಮದುವೆಗೆ ಹದಿನೈದು ದಿನವಿರುವಾಗ ಲೇಸರ್ ಮಾಡಿಸಲು ಓಡುವವರಿಗೆ ಈ ಲೆಕ್ಕ ಯಾರೂ ಹೇಳುವುದಿಲ್ಲವೋ ಏನೋ.

ಇನ್ನು ನಮ್ಮ ಮೈಬಣ್ಣದ ಮಾತು. ಬಿಸಿಲಿಗೆ ಚರ್ಮ ಹೇಗೆ ಸ್ಪಂದಿಸುತ್ತದೆ ಎಂಬುದರ ಮೇಲೆ ಅಮೆರಿಕದ ಚರ್ಮರೋಗ ತಜ್ಞ ಫಿಟ್ಸ್‌ಪ್ಯಾಟ್ರಿಕ್ ಅದನ್ನು ವರ್ಗೀಕರಿಸಿದರು. ಈಗ ಬಳಕೆಯಲ್ಲಿರುವ ಆರು ಬಗೆಗಳಲ್ಲಿ ನಮ್ಮ ಕಡೆಯ ಬಹುಪಾಲು ಜನ ನಾಲ್ಕು, ಐದರಲ್ಲಿ, ಅಂದರೆ ಕಂದು ಚರ್ಮದ ಬಗೆಗಳಲ್ಲಿ ಬರುತ್ತಾರೆ. ಇಂಥ ಚರ್ಮ ಸುಟ್ಟರೂ, ಉಜ್ಜಿದರೂ, ಗೀಚಿದರೂ ಕೊಡುವ ಉತ್ತರ ಒಂದೇ: ಇನ್ನಷ್ಟು ಮೆಲನಿನ್. ಗುಳಿ ತುಂಬಿಸಲು ಹೋಗಿ ಕಪ್ಪು ಚುಕ್ಕೆ ಪಡೆದು ಬರುವುದು ಹೀಗೆ. ಕಡಿಮೆ ಶಕ್ತಿ, ವಿರಳ ರಂಧ್ರ, ಮೊದಲು ಕಿವಿಯ ಹತ್ತಿರದ ಸಣ್ಣ ಜಾಗದಲ್ಲಿ ಪರೀಕ್ಷೆ ಎಂದು ಅನುಭವಿ ಚರ್ಮರೋಗ ತಜ್ಞರು ನಿಧಾನಿಸುವುದು ಇದೇ ಕಾರಣಕ್ಕೆ.

ಬಂಗಿನಲ್ಲಂತೂ ಮೆಲನಿನ್ ತಯಾರಿಸುವ ಜೀವಕೋಶಗಳು ಮೊದಲೇ ಕೆರಳಿರುತ್ತವೆ. ಬಿಸಿಲು, ಬಸಿರು, ಗರ್ಭನಿರೋಧಕ ಮಾತ್ರೆ, ಮನೆತನದ ಗುಣ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಒಲೆಯ ಶಾಖವೂ ಅದನ್ನು ಹೆಚ್ಚಿಸಬಹುದು. 1,064 ನ್ಯಾನೋಮೀಟರ್ ಲೇಸರ್ ಬಣ್ಣದ ಕಣಗಳನ್ನು ಪುಡಿ ಮಾಡುತ್ತದೆ, ಮುಖ ತಿಳಿಯಾಗುತ್ತದೆ. ಆದರೆ ಕಣ ತಯಾರಾಗುವುದು ನಿಂತಿಲ್ಲವಲ್ಲ! ಕೆಲವು ತಿಂಗಳಲ್ಲಿ ಬಂಗು ಮರಳುವುದು ಸಾಮಾನ್ಯ. ಮೇಲಿಂದ ಮೇಲೆ ಮಾಡಿಸಿದವರಲ್ಲಿ ಕೆಲವರಿಗೆ ನಡುನಡುವೆ ಬಿಳಿ ಚುಕ್ಕೆಗಳೂ ಏಳುತ್ತವೆ. ಹಾಗಾಗಿ ಬಂಗಿಗೆ ಮೊದಲ ಮದ್ದು ಸನ್‌ಸ್ಕ್ರೀನ್ ಮತ್ತು ವೈದ್ಯರು ಬರೆದುಕೊಡುವ ಲೇಪ. ಕಣ್ಣಿಗೆ ಕಾಣುವ ಬೆಳಕೂ ಕಂದು ಚರ್ಮವನ್ನು ಕಪ್ಪಾಗಿಸುವುದರಿಂದ, ಐರನ್ ಆಕ್ಸೈಡ್ ಬೆರೆತ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ನೆರವಾಗುತ್ತದೆ. ರಕ್ತಸ್ರಾವ ತಡೆಯಲು ಬಳಸುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯನ್ನೂ ಈಗ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದವರಿಗೆ ಅದು ಸಲ್ಲದು.

ಲೇಸರ್‌ಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಬಂಗಿಗೆಂದು ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೈಗೆ ಬರುವ ಬಿಳಿ ಟ್ಯೂಬು. ಬೀಟಾಮೆಥಸೋನ್, ಮೊಮೆಟಸೋನ್ ಮುಂತಾದ ಸ್ಟೀರಾಯ್ಡ್ ಇರುವ ಕ್ರೀಮನ್ನು ತಿಂಗಳುಗಟ್ಟಲೆ ಬಳಿದುಕೊಂಡರೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ, ಕ್ರೀಮು ಬಿಟ್ಟೊಡನೆ ಮುಖ ಉರಿಯುತ್ತದೆ. ಅಂಥ ಮುಖಕ್ಕೆ ತರಾತುರಿಯಲ್ಲಿ ಲೇಸರ್ ತಾಗಿಸುವಂತಿಲ್ಲ. ಆದ್ದರಿಂದ ತಜ್ಞರ ಬಳಿ ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಹೆಸರು ಅಳಿಸಿಹೋದದ್ದನ್ನೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ಹೋಗಬೇಕು.