ಮದುವೆ ಆಗ್ತೀನಿ ಅಂದವನು ಕೈಕೊಟ್ಟರೆ ಅತ್ಯಾಚಾರದ ಕೇಸ್ ಆಗುತ್ತಾ?

ಪ್ರಶ್ನೆ: ಮದುವೆ ಆಗ್ತೀನಿ ಅಂದಿದ್ದ. ಮೂರು ವರ್ಷ ಸಂಬಂಧ ಇತ್ತು. ಈಗ ಮನೆಯಲ್ಲಿ ಒಪ್ಪಲ್ಲ ಅಂತಿದ್ದಾನೆ. ಅತ್ಯಾಚಾರದ ಕೇಸ್ ಹಾಕಬಹುದಾ?

ಬರೆಯುವವರ ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಯಾವಾಗಲೂ ಇದೇ. ಇರಲಿ, ಇನ್ನೊಂದು ಸಲ ಹೇಳುತ್ತೇನೆ.

ಮದುವೆ ಆಗಲಿಲ್ಲ ಅಂದಮೇಲೆ ಹಿಂದೆ ಕೊಟ್ಟ ಒಪ್ಪಿಗೆ ತಾನಾಗೇ ಬಿದ್ದುಹೋಗುತ್ತದೆ ಎಂಬ ನಂಬಿಕೆ ಅದೆಲ್ಲಿಂದ ಬಂತೋ! ಕೋರ್ಟು ನೋಡುವುದು ಕೊನೆಗೆ ಏನಾಯಿತು ಎಂದಲ್ಲ, ಮಾತು ಕೊಟ್ಟ ದಿನ ಅವನ ಮನಸ್ಸಲ್ಲಿ ಏನಿತ್ತು ಎಂದು. ಆಗ ಮದುವೆಯ ಮನಸ್ಸಿತ್ತು, ಆಮೇಲೆ ಅಪ್ಪ ಅಮ್ಮ ಅಡ್ಡ ಬಂದರು, ಜಾತಕ ಕೂಡಲಿಲ್ಲ, ಇಲ್ಲಾ ಅವನೇ ಹಿಂದೆ ಸರಿದ. ಇದು ಮಾತು ತಪ್ಪಿದ್ದು. ಹೊಟ್ಟೆ ಉರಿಯುತ್ತದೆ ನಿಜ, ಆದರೆ ಅಷ್ಟಕ್ಕೇ ಅಪರಾಧವಾಗುವುದಿಲ್ಲ. ಶುರುವಿನಲ್ಲೇ ಸುಳ್ಳು ಹೇಳಿರಬೇಕು. ಆ ಸುಳ್ಳು ನಂಬಿಯೇ ಅವಳು ಒಪ್ಪಿರಬೇಕು. 2019ರಲ್ಲಿ ಸುಪ್ರೀಂ ಕೋರ್ಟ್ ಎರಡೂ ಇರಬೇಕು ಎಂದಿತು.

ಮನಸ್ಸಿನೊಳಗಿನದು ಗೊತ್ತಾಗುವುದು ಹೇಗೆ? ನಡವಳಿಕೆಯಿಂದ. ಛತ್ತೀಸ್‌ಗಢದ ಕೇಸೊಂದರಲ್ಲಿ ಹುಡುಗನಿಗೆ ಬೇರೆ ಕಡೆ ಮದುವೆ ಮೊದಲೇ ನಿಶ್ಚಯವಾಗಿತ್ತು. ಅದನ್ನು ಮುಚ್ಚಿಟ್ಟು ಇವಳಿಗೆ ಮಾತು ಕೊಟ್ಟಿದ್ದ. ಅತ್ಯಾಚಾರ ಎಂಬ ತೀರ್ಪು ಅದೇ 2019ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ನಿಂತಿತು. ನಮ್ಮ ಕರ್ನಾಟಕದಿಂದ ಹೋಗಿದ್ದ 2003ರ ಕೇಸಿನಲ್ಲಿ ಜಾತಿ ಬೇರೆ, ಮನೆಯವರು ಒಪ್ಪುವುದು ಕಷ್ಟ ಎಂದು ಹುಡುಗಿಗೂ ಗೊತ್ತಿತ್ತು. ಹುಡುಗ ಖುಲಾಸೆಯಾದ.

"ಹೊಸ ಕಾನೂನು ಬಂದಿದೆಯಲ್ಲ?" ಬಂದಿದೆ. 2024ರ ಜುಲೈ 1ರಿಂದ, ಹಳೆಯ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ. ಮದುವೆಯ ಸುಳ್ಳು ಮಾತು ಕೊಟ್ಟು ದೈಹಿಕ ಸಂಬಂಧ ಬೆಳೆಸಿದರೆ ಅನ್ವಯಿಸುತ್ತದೆ. 10 ವರ್ಷದವರೆಗೆ ಜೈಲು, ಜೊತೆಗೆ ದಂಡ. ಆದರೆ ಪೂರ್ತಿ ಓದಿ ನೋಡಿ: ಮಾತು ಉಳಿಸಿಕೊಳ್ಳುವ ಉದ್ದೇಶವೇ ಇಲ್ಲದೆ ಕೊಟ್ಟಿರಬೇಕು ಎಂದು ಅಲ್ಲೂ ಇದೆ. ಅತ್ಯಾಚಾರವಲ್ಲದ ಪ್ರತ್ಯೇಕ ಅಪರಾಧ ಎಂದೂ ಇದೆ. ಹುಡುಗಿಗೆ 18 ತುಂಬಿರದಿದ್ದರೆ ಈ ಚರ್ಚೆಯೇ ಬೇಡ, ಅಲ್ಲಿ ಒಪ್ಪಿಗೆಗೆ ಲೆಕ್ಕವಿಲ್ಲ. ಅದು ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ.

ಅಂದಹಾಗೆ, ದೈಹಿಕ ಸಂಬಂಧವೇನೂ ಇರಲಿಲ್ಲ, ಬರೀ ನಿಶ್ಚಿತಾರ್ಥ ಮುರಿದುಬಿತ್ತು ಅಂದರೆ? 69ನೇ ಕಲಂ ಅಲ್ಲಿಗೆ ಬರುವುದೇ ಇಲ್ಲ. ಮದುವೆಯಾಗು ಎಂದು ಯಾವ ಕೋರ್ಟೂ ಬಲವಂತ ಮಾಡುವುದಿಲ್ಲ. ಆದರೆ ಆದ ಖರ್ಚಿಗೆ ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳಬಹುದು. ಸಿಟ್ಟಿನಲ್ಲಿ ಛತ್ರದ ಅಡ್ವಾನ್ಸ್ ರಸೀದಿ ಹರಿದು ಹಾಕಬೇಡಿ.